ಮಣ್ಣು ಹೊತ್ತವರು ಮತ್ತು ಕೂಲಿ ಕೊಟ್ಟವರು

ದೂರದರ್ಶನದಲ್ಲಿ ಕೆಲಸ ಮಾಡುವವರಿಗೆ ‘ಪ್ರಾಯೋಜಕರು’ ಎಂಬುದು ನಿತ್ಯದ ಮಾತು. ಒಂದು ಕಾರ್ಯಕ್ರಮದ ಖರ್ಚನ್ನು ಯಾರೋ ಹೊರುತ್ತಾರೆ. ಪ್ರತಿಯಾಗಿ ಅವರ ಹೆಸರು ಕಾರ್ಯಕ್ರಮದ ಮೊದಲಲ್ಲೂ ಕೊನೆಯಲ್ಲೂ ತೆರೆಯ ಮೇಲೆ ಬರುತ್ತದೆ. ಪ್ರಸಾರ ಮುಗಿದ ಮೇಲೆ ಅದೇ ಕಾರ್ಯಕ್ರಮದ ಟೇಪು ಕಪಾಟಿನಲ್ಲಿ ಧೂಳು ಹಿಡಿಯುತ್ತಾ ಕೂರುತ್ತದೆ. ಅದನ್ನು ಕಾಪಾಡುವುದಕ್ಕೆ ಮಾತ್ರ ಪ್ರಾಯೋಜಕರು ಸಿಗುವುದಿಲ್ಲ. ಮಣ್ಣಿನ ಕೆಲಸದ ಚರಿತ್ರೆಯೂ ಬಹುಮಟ್ಟಿಗೆ ಇದೇ ರೀತಿಯದು ಎಂದು ನನಗೆ ಹೊಳೆದದ್ದು ಬಳ್ಳಾರಿ ಜಿಲ್ಲೆಯ ಕುರುಗೋಡು ತಾಲ್ಲೂಕಿನ ಬಾದನಹಟ್ಟಿಯ ಒಂದು ಹೊಲದಲ್ಲಿ.

ಭೂಸಂರಕ್ಷಣೆಯ ಬಗ್ಗೆ ಒಂದು ಭಾಷಣ ಮಾಲಿಕೆಗೆ ಕೆಲವು ದೃಶ್ಯಗಳು ಬೇಕಾಗಿದ್ದವು. ಬೇಸಿಗೆಯ ಕೊನೆ. ಕಾಲುವೆಯ ನೀರು ಕಂಡ ಕಡೆ ಭತ್ತದ ಕೂಳೆ, ನೀರು ಕಾಣದ ಕಡೆ ಬಾಯಿಬಿಟ್ಟ ಎರೆ ಭೂಮಿ. ಕ್ಯಾಮರಾದ ಮುಕ್ಕಾಲಿಯನ್ನು ನೆಟ್ಟಗೆ ನಿಲ್ಲಿಸಲು ನಮ್ಮ ಹುಡುಗರು ಒದ್ದಾಡುತ್ತಿದ್ದರು, ಏಕೆಂದರೆ ಒಂದು ಕಾಲು ಬಿರುಕಿನೊಳಗೆ ಇಳಿದುಹೋಗುತ್ತಿತ್ತು. ನಾನು ಬಿರುಕೊಂದರಲ್ಲಿ ಕೈ ಇಟ್ಟು ನೋಡಿದೆ. ಮೊಣಕೈವರೆಗೆ ಸಲೀಸಾಗಿ ಹೋಯಿತು. ಹೊಲದ ಅಡ್ಡಕ್ಕೆ ಒಂದು ಹಳೆಯ ಒಡ್ಡು ಇತ್ತು. ಅದು ನಡುವೆ ಒಡೆದು, ಒಡೆದ ಜಾಗದಿಂದ ಕೆಳಗೆ ಆಳೆತ್ತರದ ಕೊರಕಲು ಬಿದ್ದಿತ್ತು. ಯಾವಾಗ ಕಟ್ಟಿದ್ದು ಎಂದು ಕೇಳಿದಾಗ ಹೊಲದ ಹಿರಿಯರು ವರ್ಷ ಹೇಳಲಿಲ್ಲ. “ಒಡ್ಡು ಹಾಕಾಕ ಸರ್ಕಾರ ಬರ್ತೈತಿ ಸಾರ್, ಒಡೆದ ಮ್ಯಾಲ ಯಾರೂ ಬರಂಗಿಲ್ಲ” ಎಂದರು. ಆ ಮಾತು ಧ್ವನಿಮುದ್ರಣವಾಗಲಿಲ್ಲ. ಗಾಳಿಯ ಸದ್ದು ಹೆಚ್ಚಾಗಿತ್ತು. ಅದಕ್ಕೇ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನೂರಾರು ಕೈಗಳು ಸೇರಿ ನೆಲ, ನೀರು, ಕಾಡುಗಳ ರಕ್ಷಣೆಗೆ ಮಾಡುವ ಕೆಲಸಕ್ಕೆ ಯಾರು ಹಣ ಕೊಟ್ಟರು? ಅವರು ಕೆಲಸವನ್ನು ಯಾವ ಅಳತೆಗೋಲಿನಿಂದ ಅಳೆದರು? ಕೆಲಸ ಮುಗಿದ ಮೇಲೆ ಯಾರು ನೋಡಿಕೊಂಡರು? ಈ ಮೂರು ಪ್ರಶ್ನೆಗಳನ್ನು ಹಿಡಿದು ಬಳ್ಳಾರಿ ಸೀಮೆಯ ಚರಿತ್ರೆಯನ್ನು ಓದಿದರೆ, ರಾಜರ ಹೆಸರುಗಳ ಪಟ್ಟಿಯಲ್ಲಿ ಕಾಣದ ಅನೇಕ ಸಂಗತಿಗಳು ಕಾಣುತ್ತವೆ.

ಮೊದಲು ವಿಜಯನಗರದ ಕಾಲಕ್ಕೆ ಹೋಗೋಣ. ಬಾದನಹಟ್ಟಿಯಿಂದ ಪಶ್ಚಿಮಕ್ಕೆ ಹೊಸಪೇಟೆ. ಕೃಷ್ಣದೇವರಾಯನು ಅಲ್ಲಿ ಒಂದು ದೊಡ್ಡ ಕೆರೆಯನ್ನು ಕಟ್ಟಿಸುತ್ತಿದ್ದಾಗ, 1520ರ ಸುಮಾರಿಗೆ, ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅದನ್ನು ಕಣ್ಣಾರೆ ಕಂಡು ಬರೆದಿಟ್ಟ. ಹದಿನೈದು-ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಮುತ್ತಿಕೊಂಡು ದುಡಿಯುತ್ತಿದ್ದರು, ಅವರು ತುಳಿಯುತ್ತಿದ್ದ ನೆಲವೇ ಕಾಣುತ್ತಿರಲಿಲ್ಲ ಎನ್ನುತ್ತಾನೆ. ಅವನ ಬರಹದಲ್ಲಿ ನಮ್ಮ ವಿಷಯಕ್ಕೆ ಬೇಕಾದ ಇನ್ನೊಂದು ವಿವರವಿದೆ. ಅರಸನು ಕೆರೆಯ ಕೆಲಸವನ್ನು ಭಾಗ ಮಾಡಿ ತನ್ನ ನಾಯಕರಿಗೆ ಹಂಚಿದ್ದ. ತನ್ನ ಪಾಲಿನ ಜನ ದುಡಿಯುವಂತೆ ನೋಡಿಕೊಳ್ಳುವುದು ಆಯಾ ನಾಯಕನ ಹೊಣೆ. ಅಷ್ಟಾದರೂ ಆ ಕೆರೆ ಎರಡು ಮೂರು ಸಲ ಒಡೆಯಿತಂತೆ, ನಿಲ್ಲಲೆಂದು ನರಬಲಿಯೂ ನಡೆಯಿತಂತೆ.

ನಮ್ಮ ಜನಪದರು ಇದನ್ನು ಮರೆತಿಲ್ಲ. ‘ಕೆರೆಗೆ ಹಾರ’ ಕಥನಗೀತೆಯನ್ನು ನೀವು ಪಠ್ಯದಲ್ಲಿ ಓದಿರಬಹುದು, ನಾಟಕದಲ್ಲಿ ನೋಡಿರಬಹುದು. ಕೆರೆ ಕಟ್ಟಿಸಿದವನು ಊರ ಗೌಡ. ನೀರು ಬಾರದಿದ್ದಾಗ ಬೆಲೆ ತೆತ್ತವಳು ಅವನ ಕಿರಿಯ ಸೊಸೆ ಭಾಗೀರಥಿ. ಆ ಗೀತೆಯನ್ನು ತ್ಯಾಗದ ಕಥೆಯೆಂದು ಹಾಡುತ್ತೇವೆ. ಖರ್ಚು ಯಾರ ಹೆಸರಿನಲ್ಲಿ, ಪ್ರಾಣ ಯಾರದು ಎಂದು ಕೇಳುವ ಕಥೆಯೂ ಹೌದು ಎಂದು ನನಗೆ ಅನ್ನಿಸುತ್ತದೆ.

ಹಾಗೆಂದು ಹಳೆಯ ಕಾಲದವರು ಕೆರೆ ಕಟ್ಟಿ ಕೈತೊಳೆದುಕೊಂಡರು ಎಂದು ತಿಳಿಯಬಾರದು. ಕಡಪ ಜಿಲ್ಲೆಯ ಪೋರುಮಾಮಿಳ್ಳ ಕೆರೆಯ 1369ರ ಶಾಸನ ಬಹಳ ಪ್ರಸಿದ್ಧವಾದದ್ದು. ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ ಎಂದು ಲೆಕ್ಕ ಕೊಡುವುದಲ್ಲದೆ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ, ಬರಬಾರದ ದೋಷಗಳನ್ನೂ ಅದು ಹೇಳುತ್ತದೆ. ಅದಕ್ಕಿಂತ ಮುಖ್ಯವಾದದ್ದು ಕನ್ನಡ ಮತ್ತು ತೆಲುಗು ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಕೆಲವು ಪದಗಳು: ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ. ಇವೆಲ್ಲ ಕೆರೆಗಾಗಿ ಬಿಟ್ಟ ಭೂಮಿ ಅಥವಾ ಆದಾಯದ ಹೆಸರುಗಳು. ದಶವಂದ ಎಂದರೆ ಹತ್ತನೆಯ ಪಾಲು. ಕೆರೆ ಕಟ್ಟಿದವನಿಗೆ, ಅಥವಾ ಅದನ್ನು ದುರಸ್ತಿಯಲ್ಲಿ ಇಡುವವನಿಗೆ, ಆ ಕೆರೆಯ ನೀರುಣ್ಣುವ ಭೂಮಿಯಲ್ಲಿ ಒಂದು ಪಾಲು. ಕೆರೆ ತುಂಬಿದರೆ ಅವನ ಗದ್ದೆಯೂ ಬೆಳೆಯುತ್ತದೆ. ಏರಿ ಬಿರಿದರೆ ಅವನ ಅನ್ನವೇ ಹೋಗುತ್ತದೆ. ನಿರ್ವಹಣೆಯ ಹಣ ರಾಜಧಾನಿಯ ಬೊಕ್ಕಸದಿಂದ ಬರಬೇಕಾಗಿರಲಿಲ್ಲ, ಕೆರೆಯ ನೀರಿನಿಂದಲೇ ಹುಟ್ಟುತ್ತಿತ್ತು. ಈ ಏರ್ಪಾಡನ್ನು ಯೋಚಿಸಿದವರ ಬುದ್ಧಿಯನ್ನು ನಾನು ಅಣೆಕಟ್ಟು ಕಟ್ಟಿದವರ ಬುದ್ಧಿಗಿಂತ ಕಡಿಮೆಯೆಂದು ಎಣಿಸಲಾರೆ. ಆದರೆ ಏರಿಗೆ ಮಣ್ಣು ಹೊತ್ತವರಿಗೆ ಆ ಹತ್ತನೆಯ ಪಾಲಿನಲ್ಲಿ ಏನೂ ಇರುತ್ತಿರಲಿಲ್ಲ ಎಂಬುದನ್ನೂ ಸೇರಿಸಬೇಕು. ಊರಿನ ಕೆಳಗಿನ ಕೇರಿಯವರ ದುಡಿಮೆ ಹೆಚ್ಚಾಗಿ ಬಿಟ್ಟಿ.

1800ರಲ್ಲಿ ಹೈದರಾಬಾದಿನ ನಿಜಾಮನು ಈ ಸೀಮೆಯನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ. ಬಿಟ್ಟುಕೊಟ್ಟ ಜಿಲ್ಲೆಗಳು ಎಂಬ ಹೆಸರು ಬಂದದ್ದು ಹೀಗೆ. ಮೊದಲ ಮುಖ್ಯ ಕಲೆಕ್ಟರ್ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದ. ರಯತವಾರಿ ಪದ್ಧತಿಗೆ ಅವನ ಹೆಸರು ಅಂಟಿಕೊಂಡಿದೆ. ದಶವಂದದ ಇನಾಮುಗಳು ಅವನ ಕಾಲದ ಮೇಲೂ ಉಳಿದವು, ಆದರೆ ಕೆಲಸಕ್ಕೂ ಭೂಮಿಗೂ ಇದ್ದ ಗಂಟು ಸಡಿಲವಾಗುತ್ತಾ ಬಂತು. ಇನಾಮು ಉಳಿಯಿತು, ಏರಿಯ ಮೇಲಿನ ಜಾಲಿ ಕಡಿಯುವವರು ಉಳಿಯಲಿಲ್ಲ. ಊರವರು ರೂಢಿಯಂತೆ ಕೆರೆ ಕಾಲುವೆಗಳ ಹೂಳು ತೆಗೆಯುವ ದುಡಿಮೆಯನ್ನು ಮದ್ರಾಸ್ ಸರ್ಕಾರದ ಕಾಗದಗಳು ‘ಕುಡಿಮರಾಮತ್ತು’ ಎನ್ನುತ್ತವೆ. ರೂಢಿ ಬಲವಾಗಿದ್ದಾಗ ಅದಕ್ಕೆ ಕಾನೂನು ಬೇಕಿರಲಿಲ್ಲ. 1858ರಲ್ಲಿ ಕಾನೂನು ಬಂತು. ಏರಿ ಒಡೆಯುವ ಅಪಾಯವಿದ್ದಾಗ ಜನರನ್ನು ಬಲವಂತವಾಗಿ ಕೆಲಸಕ್ಕೆ ಕರೆಯಬಹುದು. ರೂಢಿಯ ದುಡಿಮೆಗೆ ಬಾರದವನು ಆ ದುಡಿಮೆಯ ಬೆಲೆಯ ಎರಡರಷ್ಟು ತೆರಬೇಕು ಎಂದು ವಿಧಿಸಲಾಯಿತು. ಬಾರದವನಿಗೆ ದಂಡ ಕಟ್ಟಬೇಕಾಯಿತೆಂದರೆ ಆ ಹೊತ್ತಿಗೆ ರೂಢಿಯ ಸ್ಥಿತಿ ಏನಾಗಿತ್ತು ಎಂಬುದನ್ನು ಊಹಿಸಬಹುದು.

ಅದಾದ ಹದಿನೆಂಟು ವರ್ಷಕ್ಕೆ ಧಾತು ಸಂವತ್ಸರ ಬಂತು. 1876ರಲ್ಲಿ ಮುಂಗಾರೂ ಹೋಯಿತು, ಹಿಂಗಾರೂ ಹೋಯಿತು. ಮರುವರ್ಷ ಈಶ್ವರ ಸಂವತ್ಸರ. ಹಳಬರ ಬಾಯಲ್ಲಿ ಅದು ಧಾತು ಈಶ್ವರ ಬರ. ಪಕ್ಕದ ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿ ಎಣಿಸಿದ್ದು 50 ಲಕ್ಷ 55 ಸಾವಿರ ಜನರನ್ನು. 1881ರಲ್ಲಿ ಸಿಕ್ಕವರು 41 ಲಕ್ಷ 86 ಸಾವಿರ. ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತದಲ್ಲಿ ಅತ್ಯಂತ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಒಂದು. ಮದ್ರಾಸಿನ ಸೇನಾಧಿಕಾರಿ ಹೂಪರ್ ತೆಗೆದ ಕ್ಷಾಮಪೀಡಿತರ ಛಾಯಾಚಿತ್ರಗಳನ್ನು ನೋಡಿದವರಿಗೆ ಅಂಕಿಗಳು ಬೇಕಿಲ್ಲ. ಮೂಳೆಯ ಗೂಡಿನಂತಹ ಆ ಜನರನ್ನು ಸಾಲಾಗಿ ಕೂರಿಸಿ ಚಿತ್ರ ತೆಗೆದವನ ಮನಸ್ಸು ಎಂಥದಿತ್ತು ಎಂದು, ಕ್ಯಾಮರಾ ಹಿಡಿದು ಬದುಕುವವನಾದ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಬರದಲ್ಲಿ ಸರ್ಕಾರ ರಸ್ತೆ, ಕೆರೆ, ಕಾಲುವೆಗಳ ಪರಿಹಾರ ಕಾಮಗಾರಿಗಳನ್ನು ತೆರೆಯಿತು. ಪ್ರಾಯೋಜಕ ಈಗ ಬ್ರಿಟಿಷ್ ಖಜಾನೆ, ಅದಕ್ಕೆ ಖರ್ಚಿನದೇ ಚಿಂತೆ. ವೈಸರಾಯ್ ಲಿಟ್ಟನ್ ಕಳುಹಿಸಿದ ರಿಚರ್ಡ್ ಟೆಂಪಲ್ 1877ರ ಜನವರಿಯಲ್ಲಿ ಮದ್ರಾಸಿಗೆ ಬಂದು ಕೂಲಿಯನ್ನು ಇಳಿಸಿದ. ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ, ಮೇಲೆ ಅರ್ಧ ಆಣೆ. ಹೆಂಗಸರಿಗೆ ಇನ್ನೂ ಕಡಿಮೆ.

ವಿಜ್ಞಾನ ಓದಿದವನಾದ್ದರಿಂದ ಇಲ್ಲಿ ಒಂದು ಲೆಕ್ಕ ಮಾಡದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಒಂದು ಪೌಂಡ್ ಎಂದರೆ ಸುಮಾರು 450 ಗ್ರಾಂ. ನೂರು ಗ್ರಾಂ ಅಕ್ಕಿಯಲ್ಲಿ 350 ಕಿಲೋಕ್ಯಾಲೊರಿಗಿಂತ ತುಸು ಹೆಚ್ಚು ಶಕ್ತಿ. ಅಂದರೆ ದಿನಕ್ಕೆ ಸುಮಾರು 1,600. ಭಾರದ ದುಡಿಮೆ ಮಾಡುವ ಗಂಡಸಿಗೆ 3,400ಕ್ಕೂ ಹೆಚ್ಚು ಬೇಕೆಂದು ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಅರ್ಧಕ್ಕಿಂತ ಕಡಿಮೆ ಇಂಧನ ಹಾಕಿ ಯಂತ್ರವನ್ನು ಪೂರ್ಣ ಓಡಿಸಲು ಹೊರಟ ಲೆಕ್ಕ ಇದು. ಅಂದೇ ಇದನ್ನು ಕಂಡವನೊಬ್ಬನಿದ್ದ. ಮದ್ರಾಸಿನ ಆರೋಗ್ಯ ಕಮಿಷನರ್ ಡಾಕ್ಟರ್ ಕಾರ್ನಿಷ್, ಈ ಪ್ರಮಾಣದಲ್ಲಿ ದುಡಿಯುವ ದೇಹ ಉಳಿಯಲಾರದು ಎಂದು ಅಂಕಿಗಳ ಸಮೇತ ವಾದಿಸಿದ. ವಾದ ಕೆಲವು ತಿಂಗಳು ನಡೆಯಿತು, ಪ್ರಮಾಣ ಕೊನೆಗೆ ಏರಿತು. ಆ ತಿಂಗಳುಗಳಲ್ಲಿ ಬುಟ್ಟಿ ಹೊತ್ತವರ ಗತಿ ಏನಾಯಿತೆಂದು ಹೇಳಬೇಕಾಗಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಕೂಲಿ ಒಂದನ್ನೇ ಅಲ್ಲ. ಆ ಶಿಬಿರಗಳಲ್ಲಿ ಕೆಲಸವೆನ್ನುವುದು ಒಂದು ಪರೀಕ್ಷೆಯಾಗಿತ್ತು. ಮನೆ ಬಿಟ್ಟು ದೂರದ ಶಿಬಿರಕ್ಕೆ ಬಂದು, ಇಷ್ಟು ಕಡಿಮೆ ಕೂಲಿಗೆ ಕಲ್ಲು ಒಡೆಯಲು ಒಪ್ಪುವವನೇ ನಿಜವಾದ ಹಸಿದವನು ಎಂಬುದು ಸರ್ಕಾರದ ತರ್ಕ. ಒಡೆದ ಕಲ್ಲಿನಿಂದ ಏನು ಉಪಯೋಗ ಎಂಬುದು ಎರಡನೆಯ ಮಾತು. 1880ರ ಕ್ಷಾಮ ಆಯೋಗ, ಅದನ್ನು ಅನುಸರಿಸಿ 1883ರಲ್ಲಿ ಬಂದ ಕ್ಷಾಮ ಸಂಹಿತೆಯ ಕರಡು, ಈ ತಪ್ಪನ್ನು ಸ್ವಲ್ಪಮಟ್ಟಿಗೆ ತಿದ್ದಿದವು. ಶಾಶ್ವತ ಉಪಯೋಗದ ಕಾಮಗಾರಿಗಳ ಪಟ್ಟಿಯನ್ನು ಬರ ಬರುವ ಮೊದಲೇ ಸಿದ್ಧವಾಗಿ ಇಟ್ಟುಕೊಳ್ಳಬೇಕು ಎಂಬ ನಿಯಮ ಆಗ ಹುಟ್ಟಿತು. ಇಂದಿಗೂ ತಾಲ್ಲೂಕು ಕಚೇರಿಗಳಲ್ಲಿ ‘ಬರ ಕಾಮಗಾರಿ’ ಎಂಬ ಮಾತು ಕೇಳಿದಾಗ ಅದರ ಹಿಂದೆ ಆ ಸಂಹಿತೆಯ ನೆರಳು ಇರುತ್ತದೆ.

ಈಗ ಸ್ವಲ್ಪ ಹೊರಗೆ ನೋಡೋಣ. ಬರದಲ್ಲಿ ಕೆಲಸ ಕೊಡುವ ಪ್ರಶ್ನೆ ನಮ್ಮದೊಂದೇ ಆಗಿರಲಿಲ್ಲ. 1929ರ ಆರ್ಥಿಕ ಕುಸಿತದ ನಂತರ ಅಮೆರಿಕದಲ್ಲಿ ಲಕ್ಷಾಂತರ ಯುವಕರು ಬೀದಿಗೆ ಬಿದ್ದರು. ಅದೇ ಕಾಲಕ್ಕೆ ಅಲ್ಲಿನ ಬಯಲುಸೀಮೆಯ ಮಣ್ಣು ಧೂಳಾಗಿ ಹಾರುತ್ತಿತ್ತು. ಅಧ್ಯಕ್ಷ ರೂಸ್‌ವೆಲ್ಟ್ ಎರಡು ಕಷ್ಟಗಳನ್ನೂ ಒಟ್ಟಿಗೆ ಹಿಡಿದು 1933ರ ಮಾರ್ಚ್ 31ರಂದು ಒಂದು ಕಾಯ್ದೆಗೆ ಸಹಿ ಹಾಕಿದರು. ಅದರಿಂದ ಹುಟ್ಟಿದ್ದೇ ನಾಗರಿಕ ಸಂರಕ್ಷಣಾ ದಳ. ಸಹಿಯಾಗಿ ಮೂರು ವಾರ ತುಂಬುವ ಮೊದಲೇ ವರ್ಜೀನಿಯದ ಕಾಡಿನಲ್ಲಿ ಮೊದಲ ಶಿಬಿರ ಏರ್ಪಟ್ಟಿತು. ತಿಂಗಳಿಗೆ 30 ಡಾಲರ್ ಕೂಲಿ. ಅದರಲ್ಲಿ 25 ಡಾಲರ್ ನೇರವಾಗಿ ತಂದೆತಾಯಿಗೆ. ಊಟ, ಬಟ್ಟೆ, ವಸತಿ ಸರ್ಕಾರದ್ದು. ಶಿಬಿರ ನಡೆಸಿದ್ದು ಸೇನೆ, ಕೆಲಸ ಹೇಳಿಕೊಟ್ಟದ್ದು ಅರಣ್ಯ ಮತ್ತು ಭೂಸಂರಕ್ಷಣೆಯ ತಜ್ಞರು. ಸಂಜೆ ಪಾಠ ನಡೆಯುತ್ತಿತ್ತು. ಓದು ಬಾರದ ಸಾವಿರಾರು ಹುಡುಗರು ಅಲ್ಲಿ ಅಕ್ಷರ ಕಲಿತರು. 1942ರಲ್ಲಿ ಮುಚ್ಚುವ ಹೊತ್ತಿಗೆ ಸುಮಾರು 30 ಲಕ್ಷ ಯುವಕರು ದಳದಲ್ಲಿ ದುಡಿದಿದ್ದರು, ನೆಟ್ಟ ಗಿಡಗಳು ಮುನ್ನೂರು ಕೋಟಿಯಷ್ಟು. ಕಪ್ಪು ಯುವಕರಿಗೆ ಬೇರೆ ಶಿಬಿರ, ಹೆಣ್ಣುಮಕ್ಕಳಿಗೆ ಪ್ರವೇಶವೇ ಇಲ್ಲ. ಹೊಗಳುವಾಗ ಇದನ್ನೂ ಹೇಳಬೇಕು. ಆದರೂ 1877ರ ಬಳ್ಳಾರಿಯ ಶಿಬಿರದ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಎರಡೂ ಕಡೆ ಹಣ ಸರ್ಕಾರದ್ದೇ. ಒಂದು ಕಡೆ ದುಡಿಯುವವನು ಎಷ್ಟು ಕಡಿಮೆಯಲ್ಲಿ ಬದುಕಬಲ್ಲ ಎಂಬ ಲೆಕ್ಕ. ಇನ್ನೊಂದು ಕಡೆ ಶಿಬಿರ ಬಿಟ್ಟು ಹೋಗುವಾಗ ಅವನು ಏನು ಕಲಿತಿರಬೇಕು ಎಂಬ ಲೆಕ್ಕ.

ಅಮೆರಿಕದ ಹುಡುಗರು ಕೊರಕಲುಗಳಿಗೆ ತಡೆ ಕಟ್ಟುತ್ತಿದ್ದ ವರ್ಷಗಳಲ್ಲೇ ನಮ್ಮ ಕಡೆಯೂ ಒಣಬೇಸಾಯದ ಸಂಶೋಧನೆ ನಡೆದಿತ್ತು. ಬಳ್ಳಾರಿಗೆ ಸಮೀಪದ ಹಗರಿಯಲ್ಲಿ 1906ರಿಂದಲೇ ಕೃಷಿ ಸಂಶೋಧನಾ ಕೇಂದ್ರವಿತ್ತು. 1930ರ ದಶಕದಲ್ಲಿ ಸೊಲ್ಲಾಪುರ, ಬಿಜಾಪುರ, ರಾಯಚೂರು, ರೋಹ್ಟಕ್‌ಗಳ ಜೊತೆ ಹಗರಿಯೂ ಒಣಬೇಸಾಯ ಯೋಜನೆಯ ಕೇಂದ್ರವಾಯಿತು. ಮುಂಬಯಿ ಪ್ರಾಂತದಲ್ಲಿ ಬರದ ಕೂಲಿಗಳಿಂದ ಹೊಲಗಳಿಗೆ ಒಡ್ಡು ಹಾಕಿಸುವ ಕೆಲಸ ದೊಡ್ಡದಾಗಿ ಬೆಳೆಯಿತು. 1949ರಲ್ಲಿ ಮದ್ರಾಸ್ ಸರ್ಕಾರ ಸಮಪಾತಳಿ ಒಡ್ಡುಗಳಿಗಾಗಿಯೇ ಒಂದು ಕಾಯ್ದೆ ಮಾಡಿತು. ಸಮಪಾತಳಿ ಒಡ್ಡು ಎಂದರೆ ಇಳಿಜಾರಿಗೆ ಅಡ್ಡವಾಗಿ, ಒಂದೇ ಮಟ್ಟದಲ್ಲಿ ಹಾಯುವ ಮಣ್ಣಿನ ದಿಂಡು. ಓಡುವ ಮಳೆನೀರು ಅದಕ್ಕೆ ತಾಗಿ ನಿಲ್ಲುತ್ತದೆ, ನಿಂತು ಇಂಗುತ್ತದೆ, ಮಣ್ಣು ಉಳಿಯುತ್ತದೆ. ಪುಸ್ತಕದಲ್ಲಿ ಇದಕ್ಕಿಂತ ಸರಳ ಉಪಾಯ ಇಲ್ಲ.

ಬಳ್ಳಾರಿಯ ಎರೆ ಭೂಮಿ ಆ ಪುಸ್ತಕ ಓದಿರಲಿಲ್ಲ. ಎರೆಯ ಜೇಡಿ ಕಣಗಳು ಪದರು ಪದರಾಗಿರುತ್ತವೆ. ನೀರು ಸಿಕ್ಕರೆ ಪದರುಗಳ ನಡುವೆ ಸೇರಿಸಿಕೊಂಡು ಉಬ್ಬುತ್ತವೆ, ಒಣಗಿದರೆ ಕುಗ್ಗುತ್ತವೆ. ಒಮ್ಮೆ ನೆನೆದ ಎರೆಯೊಳಗೆ ನೀರು ಇಳಿಯುವ ವೇಗ ಬಹಳ ಕಡಿಮೆ. ಇಲ್ಲಿ ವರ್ಷಕ್ಕೆ ಬರುವ ಮಳೆಯೇ ಸುಮಾರು 500 ಮಿಲಿಮೀಟರ್, ಅದರಲ್ಲಿ ಹೆಚ್ಚಿನದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಅದೂ ಕೆಲವೇ ಜೋರು ಮಳೆಗಳಲ್ಲಿ. ಹೀಗಾಗಿ ಒಡ್ಡಿನ ಹಿಂದೆ ನಿಂತ ನೀರು ಇಂಗಲಿಲ್ಲ. ಅಲ್ಲಿನ ಜೋಳದ ಬೇರು ಕೊಳೆಯಿತು. ಬೇಸಿಗೆಯಲ್ಲಿ ಒಡ್ಡೇ ಒಣಗಿ ಬಿರುಕುಬಿಟ್ಟಿತು. ಮುಂದಿನ ಮಳೆಯ ಮೊದಲ ನೀರು ಆ ಬಿರುಕಿನಲ್ಲಿ ನುಗ್ಗಿ, ದಾರಿ ದೊಡ್ಡದು ಮಾಡಿಕೊಂಡು, ಒಡ್ಡನ್ನು ಒಡೆದು ಕೆಳಗಿನವನ ಹೊಲವನ್ನು ಕೊರೆಯಿತು. ಒಡ್ಡು ಇಲ್ಲದಿದ್ದಾಗ ಹೊಲದ ತುಂಬ ಹರಡಿ ಹರಿಯುತ್ತಿದ್ದ ನೀರು ಈಗ ಒಂದೇ ಬಾಯಿಯಿಂದ ಬಿತ್ತು. ಬಾದನಹಟ್ಟಿಯಲ್ಲಿ ನಾವು ಕಂಡದ್ದು ಇಂಥದೇ ಒಂದು ಗಾಯ.

1954ರಲ್ಲಿ ಕೇಂದ್ರ ಸರ್ಕಾರ ಬಳ್ಳಾರಿಯಲ್ಲಿ ಭೂಸಂರಕ್ಷಣಾ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ತೆರೆಯಿತು. ಆಳವಾದ ಎರೆ ಭೂಮಿಯ ಒಡ್ಡುಗಳು ಏಕೆ ಸೋಲುತ್ತವೆ ಎಂಬುದನ್ನು ಅಳೆದು ತೋರಿಸಿದ ಕೇಂದ್ರಗಳಲ್ಲಿ ಇದು ಪ್ರಮುಖ. ಉತ್ತರ ಸರಳವಾಗಿತ್ತು. ಇಲ್ಲಿ ನೀರನ್ನು ಪೂರ್ತಿ ತಡೆಯಬೇಡಿ. ನಿಧಾನವಾಗಿ ನಡೆಸಿಕೊಂಡು ಹೋಗಿ. ಒಡ್ಡಿಗೆ ನೂರು ಮೀಟರಿಗೆ ಹತ್ತಿಪ್ಪತ್ತು ಸೆಂಟಿಮೀಟರಿನಷ್ಟು ಇಳಿತ ಕೊಟ್ಟರೆ ಹೆಚ್ಚಿನ ನೀರು ಸವಕಾಶವಾಗಿ ಪಕ್ಕಕ್ಕೆ ಸರಿದು, ಹುಲ್ಲು ಬೆಳೆಸಿದ ಹಳ್ಳಕ್ಕೆ ಸೇರುತ್ತದೆ. ಇಳಿಜಾರು ಒಡ್ಡು ಎಂದು ಅದರ ಹೆಸರು. ಮಸಾರಿ ಭೂಮಿಗೆ ಒಂದು ಔಷಧ, ಎರೆಗೆ ಇನ್ನೊಂದು.

ಉತ್ತರ ಸಿಕ್ಕ ಮೇಲೂ ತಪ್ಪು ಒಡ್ಡುಗಳು ಏಕೆ ಬೀಳುತ್ತಾ ಹೋದವು? ನನ್ನ ಅಭಿಪ್ರಾಯದಲ್ಲಿ ಕಾರಣ ಅಳತೆಯಲ್ಲಿದೆ. ಮಣ್ಣಿನ ಕೆಲಸ ನಡೆಯುವಲ್ಲಿ ನೀವು ನೋಡಿರಬಹುದು: ಅಗೆದ ಗುಂಡಿಯ ನಡುವೆ ಒಂದು ಮಣ್ಣಿನ ಕಂಬವನ್ನು ಹಾಗೇ ಬಿಟ್ಟಿರುತ್ತಾರೆ. ಮೂಲ ನೆಲ ಎಷ್ಟು ಎತ್ತರ ಇತ್ತು ಎಂಬುದಕ್ಕೆ ಅದೇ ಸಾಕ್ಷಿ. ಎಂಜಿನಿಯರು ಬಂದು ಕಂಬದ ಎತ್ತರ, ಗುಂಡಿಯ ಉದ್ದ, ಅಗಲ ಅಳೆದು, ಇಷ್ಟು ಘನ ಅಡಿ ಮಣ್ಣು ಎದ್ದಿದೆ ಎಂದು ಅಳತೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಕೂಲಿ ಅದರ ಮೇಲೆ. ದುಡಿದವರಿಗೆ ಮೋಸ ಆಗಬಾರದೆಂದರೆ ಇದು ಬೇಕೇ ಬೇಕು. ಆದರೆ ಆ ಪುಸ್ತಕದಲ್ಲಿ ಎದ್ದ ಮಣ್ಣಿಗೆ ಅಂಕಣವಿದೆ, ನಿಂತ ಮಣ್ಣಿಗೆ ಇಲ್ಲ. ಮೂರು ಮಳೆಗಾಲದ ನಂತರ ಒಡ್ಡು ಎಷ್ಟು ಉಳಿದಿದೆ ಎಂದು ಅಳೆಯಲು ಯಾರಿಗೂ ಭತ್ಯೆ ಸಿಗುವುದಿಲ್ಲ.

ಸ್ವಾತಂತ್ರ್ಯದ ಮೊದಲ ವರ್ಷಗಳಲ್ಲಿ ಹಣದ ಬದಲು ಉತ್ಸಾಹವನ್ನೇ ಬಂಡವಾಳ ಮಾಡುವ ಪ್ರಯತ್ನ ನಡೆಯಿತು. 1952ರ ಗಾಂಧಿ ಜಯಂತಿಯಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಯಿತು. ಶ್ರಮದಾನ ಎಂಬ ಸುಂದರ ಪದ ಮನೆಮಾತಾಯಿತು. ಗಣ್ಯರು ಒಂದು ಬುಟ್ಟಿ ಮಣ್ಣು ಹೊತ್ತ ಚಿತ್ರಗಳು ಹಳೆಯ ಪತ್ರಿಕೆಗಳಲ್ಲಿ ಬೇಕಾದಷ್ಟಿವೆ. ಉತ್ತರ ಭಾರತದ ಹಳ್ಳಿಗಳಲ್ಲಿ ಇದನ್ನು ಅಭ್ಯಾಸ ಮಾಡಿದ ಎಸ್.ಸಿ. ದುಬೆ 1958ರ ತಮ್ಮ ಗ್ರಂಥದಲ್ಲಿ, ಮೇಲಿನವರಿಗೆ ಇದರಿಂದ ಹೆಸರು ಬಂತು, ಬಡವರಿಗೆ ಒಂದು ದಿನದ ಕೂಲಿ ಹೋಯಿತು ಎಂಬ ಅರ್ಥದ ಮಾತು ಹೇಳಿದರು. ಅಂದೇ ದುಡಿದು ಅಂದೇ ಉಣ್ಣುವವನಿಗೆ ದಾನವೂ ಬಿಟ್ಟಿಯೂ ಒಂದೇ ತರಹ ಕಾಣುವುದು ಸಹಜ.

ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಪ್ರಯತ್ನ ಬಂದದ್ದು 1969ರಲ್ಲಿ. ಗಾಂಧಿ ಶತಮಾನೋತ್ಸವದ ಆ ವರ್ಷ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ನಿಮ್ಮ ಕಾಲೇಜಿನ ಎನ್.ಎಸ್.ಎಸ್., 37 ವಿಶ್ವವಿದ್ಯಾನಿಲಯಗಳಲ್ಲಿ 40 ಸಾವಿರ ಸ್ವಯಂಸೇವಕರೊಂದಿಗೆ ಆರಂಭವಾಯಿತು. ಆಗಿನ ಕೇಂದ್ರ ಶಿಕ್ಷಣ ಸಚಿವರು, ಮುಂದೆ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆಯನ್ನು ಕಟ್ಟಿದ ವಿ.ಕೆ.ಆರ್.ವಿ. ರಾವ್. 1973ರಲ್ಲಿ ‘ಬರದ ವಿರುದ್ಧ ಯುವಜನ’ ಎಂಬುದೇ ಶಿಬಿರಗಳ ವಿಷಯವಾಗಿತ್ತು. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಒಂದು ವಾರದ ವಿಶೇಷ ಶಿಬಿರ. ನಾನೂ ಪದವಿ ತರಗತಿಯಲ್ಲಿದ್ದಾಗ ಇಂಥ ಶಿಬಿರಕ್ಕೆ ಹೋಗಿದ್ದೆ. ಒಂದು ಊರಿನ ಕಲ್ಯಾಣಿಯ ಹೂಳು ತೆಗೆದೆವು. ಅಂಗೈಯಲ್ಲಿ ಬೊಬ್ಬೆ, ರಾತ್ರಿ ಹಾಡು, ಕೊನೆಯ ದಿನ ಪ್ರಮಾಣಪತ್ರ. ಐದಾರು ವರ್ಷದ ಮೇಲೆ ಆ ದಾರಿಯಲ್ಲಿ ಹೋದಾಗ ಕಲ್ಯಾಣಿ ಮತ್ತೆ ತುಂಬಿಕೊಂಡಿತ್ತು. ನಮ್ಮ ನಂತರದ ತಂಡಗಳು ಬೇರೆ ಬೇರೆ ಊರುಗಳಿಗೆ ಹೋಗಿದ್ದವು. ಪ್ರತಿ ವರ್ಷವೂ ಹೊಸ ಊರು ಸಿಗಬೇಕು ಎಂಬುದರ ಬದಲು ಒಂದೇ ಊರಿಗೆ ಹತ್ತು ವರ್ಷ ಹೋಗಬೇಕು ಎಂದಿದ್ದರೆ ಹೇಗಿರುತ್ತಿತ್ತು ಎಂದು ಈಗ ಯೋಚಿಸುತ್ತೇನೆ.

ಸಂರಕ್ಷಣೆಗೆಂದೇ ಹುಟ್ಟಿದ ದಳವೂ ನಮ್ಮ ದೇಶದಲ್ಲಿ ಇಲ್ಲದಿಲ್ಲ. 1982ರಲ್ಲಿ ಪ್ರಾದೇಶಿಕ ಸೇನೆಯಲ್ಲಿ ಮಾಜಿ ಸೈನಿಕರ ಪರಿಸರ ಪಡೆಯನ್ನು ರಚಿಸಲಾಯಿತು. ಸುಣ್ಣಕಲ್ಲಿನ ಗಣಿಗಳಿಂದ ಬೋಳಾಗಿದ್ದ ಮಸ್ಸೂರಿ ಬೆಟ್ಟಗಳಿಗೆ ಅವರು ಮತ್ತೆ ಹಸಿರು ತಂದರು. ಸೈನಿಕರು ಅದೇ ಬೆಟ್ಟದಲ್ಲಿ ವರ್ಷಗಟ್ಟಲೆ ಉಳಿದರು ಎಂಬುದೇ ಅದರ ಗುಟ್ಟು. ಗಣಿಯ ಗಾಯ ಬಳ್ಳಾರಿಗೂ ಹೊಸದಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಇಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ಆಮೇಲೆ ಗಣಿಗಳ ಹಣದಿಂದಲೇ ಪರಿಸರ ಪುನಶ್ಚೇತನ ನಡೆಸಲು ಒಂದು ನಿಗಮವೂ ಆಯಿತು. ಹಣ ಸೇರಿತು, ಸಲಿಕೆ ನೆಲಕ್ಕೆ ತಾಗಲು ಬಹಳ ವರ್ಷ ಹಿಡಿಯಿತು. ಪ್ರಾಯೋಜಕರಿದ್ದೂ ಕೆಲಸ ಕಾಯುವ ಪರಿಸ್ಥಿತಿಯೂ ಉಂಟು ಎಂಬುದಕ್ಕೆ ಈ ಉದಾಹರಣೆ.

ಕೂಲಿಯನ್ನು ಹಕ್ಕು ಎಂದು ಮೊದಲು ಒಪ್ಪಿದ್ದು ಮಹಾರಾಷ್ಟ್ರ. 1972ರ ಬರದ ಸುಮಾರಿನಲ್ಲಿ ಆರಂಭವಾದ ಅದರ ಉದ್ಯೋಗ ಖಾತರಿ ಯೋಜನೆಗೆ 1977ರಲ್ಲಿ ಕಾಯ್ದೆಯ ಬಲ ಬಂತು. ಅದೇ 1977ರಲ್ಲಿ ಕೇಂದ್ರದ ‘ಕೂಲಿಗಾಗಿ ಕಾಳು’ ಬಂತು. 2005ರಲ್ಲಿ ಸಂಸತ್ತು ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯನ್ನು ಅಂಗೀಕರಿಸಿತು. 2006ರ ಫೆಬ್ರುವರಿ 2ರಂದು ಅದಕ್ಕೆ ಚಾಲನೆ ದೊರೆತದ್ದು ನಮ್ಮ ನೆರೆಯ ಅನಂತಪುರ ಜಿಲ್ಲೆಯಲ್ಲಿ. ಆ ಜಿಲ್ಲೆ 1882ರವರೆಗೆ ಬಳ್ಳಾರಿಯದೇ ಭಾಗವಾಗಿತ್ತು. ಧಾತು ಬರದಲ್ಲಿ ಒಂದು ಪೌಂಡ್ ಧಾನ್ಯಕ್ಕೆ ಕಲ್ಲು ಒಡೆದವರ ಸೀಮೆಯಿಂದಲೇ, ಕೇಳಿದರೆ ನೂರು ದಿನ ಕೆಲಸ ಕೊಡಲೇಬೇಕು ಎಂಬ ಕಾಯ್ದೆ ಹೊರಟಿತು. ಗಂಡಾಳು ಹೆಣ್ಣಾಳಿಗೆ ಸಮ ಕೂಲಿ, ಗುತ್ತಿಗೆದಾರರಿಗೆ ಜಾಗವಿಲ್ಲ, ಕೂಲಿಯ ಪೂರ್ತಿ ಹೊರೆ ಕೇಂದ್ರದ್ದು. ಕುರುಗೋಡು, ಸಿರುಗುಪ್ಪದ ಕಡೆಯಿಂದ ಗುಳೆ ಹೊರಡುವ ಕುಟುಂಬಕ್ಕೆ ಈ ನೂರು ದಿನದ ಬೆಲೆ ಏನೆಂಬುದನ್ನು ಬೇಸಿಗೆಯ ಬಸ್‌ನಿಲ್ದಾಣದಲ್ಲಿ ಒಂದು ಗಳಿಗೆ ನಿಂತರೆ ತಿಳಿಯಬಹುದು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಇದರ ಜಾಗಕ್ಕೆ ಹೊಸ ಕಾಯ್ದೆ ತಂದಿತು. ದಿನಗಳನ್ನು 125 ಎಂದು ಹೇಳಿ, ಖರ್ಚಿನಲ್ಲಿ ಹೆಚ್ಚಿನ ರಾಜ್ಯಗಳಿಗೆ ಶೇಕಡಾ 40ರ ಪಾಲನ್ನು ಹೊರಿಸಿತು. ಯಾರು ಹಣ ಕೊಡಬೇಕು ಎಂಬ ಹಳೆಯ ಪ್ರಶ್ನೆ ಹೀಗೆ ಮತ್ತೆ ತೆರೆದಿದೆ.

ಬಾದನಹಟ್ಟಿಯ ಕೊರಕಲಿನಿಂದ ಹೋದ ಮಣ್ಣು ಹಳ್ಳ ಸೇರಿ ಮುಂದೆ ನದಿಗೆ ಹೋಗುತ್ತದೆ. ತುಂಗಭದ್ರಾ ಅಣೆಕಟ್ಟಿನ ಮೇಲ್ಭಾಗದ ಸಾವಿರಾರು ಊರುಗಳಿಂದಲೂ ಹೀಗೆಯೇ ಮಣ್ಣು ಹೋಗುತ್ತದೆ, ಆದರೆ ಅದು ಜಲಾಶಯದಲ್ಲಿ ನಿಲ್ಲುತ್ತದೆ. 1953ರಲ್ಲಿ ನೀರು ನಿಂತಾಗ ಜಲಾಶಯದ ಸಾಮರ್ಥ್ಯ 132 ಟಿ.ಎಂ.ಸಿ. ಅಡಿಗೂ ಹೆಚ್ಚು. ಈಗ ಲೆಕ್ಕಕ್ಕೆ ಹಿಡಿಯುವುದು 105 ಟಿ.ಎಂ.ಸಿ.ಗಿಂತ ತುಸು ಹೆಚ್ಚು. ಉಳಿದ ಸುಮಾರು 27 ಟಿ.ಎಂ.ಸಿ. ಜಾಗದಲ್ಲಿ ಹೂಳು ಕೂತಿದೆ. ಒಂದು ಟಿ.ಎಂ.ಸಿ. ಎಂದರೆ 2.83 ಕೋಟಿ ಘನ ಮೀಟರ್. ಒಂದು ಲಾರಿಗೆ ಹತ್ತು ಘನ ಮೀಟರ್ ತುಂಬಿದರೂ ಏಳೂವರೆ ಕೋಟಿ ಲಾರಿಗಿಂತ ಹೆಚ್ಚಾಗುತ್ತದೆ. 2017ರ ಬೇಸಿಗೆಯಲ್ಲಿ ಜಲಾಶಯ ಬತ್ತಿದಾಗ ಈ ಭಾಗದ ರೈತರು ತಾವೇ ಹಣ ಕೂಡಿಸಿ, ಕೈಲಾದವರಿಂದ ಕೇಳಿ ಪಡೆದು, ಯಂತ್ರ ಇಳಿಸಿ ಹೂಳು ತೆಗೆಯಲು ತೊಡಗಿದರು. ಲೆಕ್ಕ ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಕೆರೆಯ ನೀರುಣ್ಣುವವರೇ ಕೆರೆಗೆ ಪ್ರಾಯೋಜಕರಾದದ್ದನ್ನು ನೋಡಿ ನನಗೆ ಆ ಹಳೆಯ ಶಾಸನಗಳ ದಶವಂದ ನೆನಪಾಯಿತು.

ಬಾದನಹಟ್ಟಿಯಿಂದ ನಾವು ಹೊರಡುವಾಗ ಮೋಡ ಕಟ್ಟಿತ್ತು. ನಾಲ್ಕು ಹನಿ ಬಿದ್ದದ್ದೇ ತಡ, ಎರೆಮಣ್ಣು ಜೀಪಿನ ಚಕ್ರಕ್ಕೆ ಮೆತ್ತಿಕೊಂಡು ವಾಹನ ಅಲುಗದಾಯಿತು. ಹೊಲದ ಹಿರಿಯರು ಇಬ್ಬರು ಹುಡುಗರನ್ನು ಕರೆದು ತಳ್ಳಿಸಿದರು. ಹಿಂತಿರುಗಿ ನೋಡಿದಾಗ ಅವರು ಸಲಿಕೆ ಹಿಡಿದು ಒಡೆದ ಒಡ್ಡಿನ ಬಾಯಿಗೆ ಕಲ್ಲು, ಮುಳ್ಳುಕಂಟಿ ತುಂಬುತ್ತಿದ್ದರು. ಕ್ಯಾಮರಾ ಅಷ್ಟರಲ್ಲಿ ಪೆಟ್ಟಿಗೆ ಸೇರಿತ್ತು.